ಉಸಿರಿನ ತೂಬುಗಳು: ಶ್ವಾಸಕೋಶದ ರಕ್ತದೊತ್ತಡ ಮತ್ತು ಅಯಾನು ಕಾಲುವೆಗಳು



ಸಿರವಾರದ ಈ ದತ್ತಿ ಉಪನ್ಯಾಸ ಒಬ್ಬ ತಾಯಿಯ ನೆನಪಿನದು. ಆಕೆ ಕೊನೆಯ ದಿನಗಳಲ್ಲಿ ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ದಮ್ಮು ಹತ್ತಿ ಕುಳಿತುಬಿಡುತ್ತಿದ್ದರು ಎಂದು ಅವರ ಮಕ್ಕಳು ನನಗೆ ಹೇಳಿದರು. ಆ ಮಾತು ಕೇಳಿದಾಗ ನನ್ನ ದೊಡ್ಡವ್ವ ಕಣ್ಣಮುಂದೆ ಬಂದಳು. ನಲವತ್ತು ವರ್ಷ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಉರಿಸಿ ರೊಟ್ಟಿ ಬಡಿದವಳು. ಬೀಡಿ ಮುಟ್ಟಿದವಳಲ್ಲ. ಮೊದಲು ಬಾವಿಕಟ್ಟೆ ಹತ್ತುವಾಗ ಏದುಸಿರು, ಆಮೇಲೆ ಬಟ್ಟೆ ಹಿಂಡುವಾಗ, ಕೊನೆಗೆ ಸುಮ್ಮನೆ ಕುಂತಾಗಲೂ. ಕಾಲು ಬಾತವು, ಕೊರಳ ನರ ಉಬ್ಬಿದವು. ತೋರಿಸಿದ ಕಡೆಯಲ್ಲೆಲ್ಲ 'ದಮ್ಮಿನ ಬ್ಯಾನಿ, ವಯಸ್ಸಾತು' ಎಂಬ ಒಂದೇ ಉತ್ತರ. ಆಗ ನಾನು ವೈದ್ಯಕೀಯ ಮೊದಲ ವರ್ಷದ ವಿದ್ಯಾರ್ಥಿ. ಬಾತ ಕಾಲನ್ನು ಒತ್ತಿ ನೋಡಿದೆನೇ ಹೊರತು ಅದು ಏನು ಹೇಳುತ್ತಿದೆ ಎಂಬುದು ತಿಳಿಯಲಿಲ್ಲ. ಅವಳ ಹೃದಯದ ಬಲಭಾಗ ಸೋಲುತ್ತಿತ್ತು. ಅದನ್ನು ಸೋಲಿಸಿದ್ದು ಶ್ವಾಸಕೋಶದೊಳಗಿನ ರಕ್ತದೊತ್ತಡ.

ಇಂದಿನ ಉಪನ್ಯಾಸದ ವಿಷಯ ಆ ಒತ್ತಡ, ಮತ್ತು ಅದರ ಹಿಂದೆ ಕೆಲಸ ಮಾಡುವ ಅತಿಸೂಕ್ಷ್ಮ ದ್ವಾರಗಳು. ವಿಜ್ಞಾನದಲ್ಲಿ ಅವನ್ನು ಅಯಾನು ಕಾಲುವೆಗಳು ಎನ್ನುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಊರಿನವರಿಗೆ ಅವನ್ನು ತೂಬು ಎಂದು ಕರೆದರೆ ಇನ್ನೂ ಬೇಗ ಅರ್ಥವಾದೀತು. ಹಾಗಾಗಿ ನಾನು ತೂಬು ಎಂದೇ ಹೇಳುತ್ತೇನೆ. ಮೊದಲು ಈ ಒತ್ತಡ ಏನೆಂಬುದು, ಬಳಿಕ ತೂಬು ಹೇಗೆ ಕೆಲಸ ಮಾಡುತ್ತದೆ ಎಂಬುದು, ಆಮೇಲೆ ಅದು ಕೆಟ್ಟಾಗ ಏನಾಗುತ್ತದೆ ಎಂಬುದು, ಕೊನೆಯಲ್ಲಿ ನಮ್ಮ ಊರು-ಮನೆಗಳ ಮಾತು. ಇದು ನನ್ನ ಕ್ರಮ.

ಬಿ.ಪಿ. ಎಂದರೆ ನಮಗೆಲ್ಲ ಗೊತ್ತಿರುವುದು ತೋಳಿಗೆ ಪಟ್ಟಿ ಸುತ್ತಿ ನೋಡುವ ಒತ್ತಡ. ಹೃದಯದ ಎಡಭಾಗ ಇಡೀ ದೇಹಕ್ಕೆ ರಕ್ತ ತಳ್ಳುವ ಒತ್ತಡ ಅದು. 120ಕ್ಕೆ 80 ಇದ್ದರೆ ಸರಿ. ಆದರೆ ಹೃದಯದ ಬಲಭಾಗ ಅಷ್ಟೇ ರಕ್ತವನ್ನು, ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ ಹೆಚ್ಚುಕಡಿಮೆ 5 ಲೀಟರ್, ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿನ ಒತ್ತಡ 25ಕ್ಕೆ 10ರ ಆಸುಪಾಸು. ಸರಾಸರಿ 14 ಮಿಲಿಮೀಟರ್ ಪಾದರಸ. ಅಷ್ಟೇ ನೀರನ್ನು ಆರನೇ ಒಂದು ಭಾಗದ ಒತ್ತಡದಲ್ಲಿ ಹರಿಸಿದ ಹಾಗೆ. ಹೀಗೇಕೆ ಎಂದರೆ, ಗಾಳಿಗೂ ರಕ್ತಕ್ಕೂ ನಡುವೆ ಇರುವ ಪೊರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟೂ ದಪ್ಪವಿಲ್ಲ. ಒತ್ತಡ ಹೆಚ್ಚಾದರೆ ರಕ್ತದ ನೀರು ಗಾಳಿಚೀಲಕ್ಕೆ ಜಿನುಗುತ್ತದೆ. ಬಲಹೃದಯದ ಗೋಡೆ ತೆಳ್ಳಗಿರುವುದೂ ಇದೇ ಕಾರಣಕ್ಕೆ. ಅದು ಭಾರ ಎಳೆಯಲೆಂದು ಕಟ್ಟಿದ ಎತ್ತಲ್ಲ. ಅದರ ಮೇಲೆ ದಿಢೀರನೆ ಭಾರ ಹೇರಿದರೆ ಉಸಿರು ಕಟ್ಟುತ್ತದೆ. ಮೆಲ್ಲಮೆಲ್ಲನೆ ಹೇರಿದರೆ ಗೋಡೆ ದಪ್ಪವಾಗಿ, ಆಮೇಲೆ ಹಿಗ್ಗಿ, ಒಂದು ದಿನ ಸೋಲುತ್ತದೆ.

ಈ ಒತ್ತಡವನ್ನು ತೋಳಿನ ಪಟ್ಟಿಯಲ್ಲಿ ಅಳೆಯಲಾಗದು. ರೋಗ ಬಹುಕಾಲ ಮರೆಯಲ್ಲಿ ಉಳಿದದ್ದಕ್ಕೆ ಅದೇ ಕಾರಣ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಯುವ ವೈದ್ಯ ತನ್ನದೇ ತೋಳಿನ ರಕ್ತನಾಳದಲ್ಲಿ ಸಣ್ಣ ಕೊಳವೆ ತೂರಿಸಿ, ಅದನ್ನು ಹೃದಯದವರೆಗೆ ತಳ್ಳಿ, ನಡೆದುಕೊಂಡೇ ಎಕ್ಸ್‌ರೇ ಕೋಣೆಗೆ ಹೋಗಿ ಚಿತ್ರ ತೆಗೆಸಿಕೊಂಡ. ಆಂದ್ರೆ ಕೂರ್ನಾನ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಆ ದಾರಿಯನ್ನು ರೋಗಿಗಳ ಪರೀಕ್ಷೆಗೆ ಒಗ್ಗಿಸಿದರು. ಮೂವರಿಗೂ 1956ರಲ್ಲಿ ನೊಬೆಲ್ ಬಂತು. ಇವತ್ತಿಗೂ ಶ್ವಾಸಕೋಶದ ರಕ್ತದೊತ್ತಡವನ್ನು ಖಚಿತಪಡಿಸುವುದು ಬಲಹೃದಯಕ್ಕೆ ಹಾಕುವ ಕೊಳವೆಯೇ. ಹೃದಯದ ಸ್ಕ್ಯಾನ್ ಆದ ಎಕೋ ಅದರ ಅಂದಾಜನ್ನು ಕೊಡುತ್ತದೆ. ಸರಾಸರಿ ಒತ್ತಡ 25 ಮುಟ್ಟಿದರೆ ರೋಗ ಎಂದು ದಶಕಗಳ ಕಾಲ ಎಣಿಸುತ್ತಿದ್ದರು. 2018ರಲ್ಲಿ ಈ ರೋಗದ ತಜ್ಞರ ವಿಶ್ವ ಸಮಾವೇಶ ಆ ಗೆರೆಯನ್ನು ಕೆಳಗಿಳಿಸಿ 20 ದಾಟಿದರೆ ರೋಗವೆಂದು ಎಣಿಸಬೇಕೆಂದಿತು.

ಇನ್ನು ಎರಡನೆಯ ಮಾತು, ತೂಬಿನದು. ಇದರ ಕಥೆ ನಮಗೆ ಗೊತ್ತಿರುವ ಒಂದು ಬಾಟಲಿಯಿಂದ ಶುರುವಾಗುತ್ತದೆ. ನಮ್ಮೂರಲ್ಲಿ ಯಾರಾದರೂ ಸುಸ್ತಾಗಿ ಬಿದ್ದರೆ 'ಸಲಾಯಿನ್ ಹಚ್ಚಿದ್ರು' ಎನ್ನುತ್ತೇವೆ. ಅದರಲ್ಲಿ ಆರ್.ಎಲ್. ಎಂದು ಬರೆದ ಬಾಟಲಿ ಇರುತ್ತದಲ್ಲ, ಆ 'ಆರ್' ಸಿಡ್ನಿ ರಿಂಗರ್ ಎಂಬ ಲಂಡನ್ನಿನ ವೈದ್ಯನ ಹೆಸರು. ಆತ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಅದು ಎಷ್ಟು ಹೊತ್ತು ಮಿಡಿಯುತ್ತದೆ ಎಂದು ನೋಡುತ್ತಿದ್ದ. ಹೃದಯ ಚೆನ್ನಾಗಿ ಮಿಡಿಯಿತು. ವಿಚಾರಿಸಿದಾಗ ತಿಳಿದದ್ದು: ಬಟ್ಟಿ ಇಳಿಸಿದ ನೀರಿನ ಬದಲು ಲಂಡನ್ನಿನ ನಲ್ಲಿ ನೀರಿನಲ್ಲಿ ಆ ದ್ರಾವಣ ತಯಾರಾಗಿತ್ತು. ಶುದ್ಧ ನೀರು ಬಳಸಿದಾಗ ಮಿಡಿತ ನಿಂತಿತು. ನಲ್ಲಿ ನೀರಿನಲ್ಲಿ ಕರಗಿದ್ದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸ್ನಾಯುವನ್ನು ಹಿಂಡಿಸುತ್ತಿತ್ತು. 1883ರಲ್ಲಿ ಆತ ಇದನ್ನು ಪ್ರಕಟಿಸಿದ. ಗಡಸು ನೀರನ್ನು ಕುಡಿದೇ ಬೆಳೆದ ನಮ್ಮ ಜಿಲ್ಲೆಯವರಿಗೆ ಈ ಸಂಗತಿ ಹತ್ತಿರದ್ದೆನಿಸಬೇಕು.

ನೀರಿನಲ್ಲಿ ಕರಗಿ ವಿದ್ಯುದಂಶ ಹೊತ್ತ ಕಣಗಳನ್ನು ಅಯಾನುಗಳು ಎನ್ನುತ್ತೇವೆ. ಇವು ದೂರದ ವಸ್ತುಗಳೇನೂ ಅಲ್ಲ. ಗದ್ದೆಗೆ ಎರಚುವ ಪೊಟ್ಯಾಷ್ ಗೊಬ್ಬರದಲ್ಲಿರುವುದು ಪೊಟ್ಯಾಸಿಯಂ. ಕಾಲುವೆಯ ನೀರು ಬಸಿಯದೆ ನಿಂತು ಹೊಲ ಸವಳಾಗುತ್ತದೆಯಲ್ಲ, ಅಲ್ಲಿ ಬಿಳಿಯಾಗಿ ಮೇಲೇಳುವ ಲವಣದಲ್ಲಿ ಸೋಡಿಯಂ ಇದೆ. ನಮ್ಮ ಪ್ರತಿಯೊಂದು ಜೀವಕೋಶ ಒಳಗೆ ಪೊಟ್ಯಾಸಿಯಂ ತುಂಬಿಟ್ಟುಕೊಂಡು ಸೋಡಿಯಂ ಅನ್ನು ಹೊರಗಿಡುತ್ತದೆ. ಪೊಟ್ಯಾಸಿಯಂ ಒಳಗೆ ಹೊರಗಿನ ಸುಮಾರು 30 ಪಟ್ಟು. ಕ್ಯಾಲ್ಸಿಯಂ ಅದರ ತದ್ವಿರುದ್ಧ: ಹೊರಗೆ ಇರುವುದು ಒಳಗಿನದಕ್ಕಿಂತ 10,000 ಪಟ್ಟು ಹೆಚ್ಚು. ಜಲಾಶಯದ ಗೇಟಿನ ಹಿಂದೆ ನಿಂತ ನೀರಿನ ಹಾಗೆ ಅದು ಸದಾ ಒಳನುಗ್ಗಲು ಕಾದಿರುತ್ತದೆ. ಕೋಶದ ಪೊರೆ ಕೊಬ್ಬಿನದು. ಅದನ್ನು ಅಯಾನುಗಳು ದಾಟಲಾರವು. ದಾಟುವುದೇನಿದ್ದರೂ ಪೊರೆಯಲ್ಲಿ ಹುದುಗಿರುವ ಪ್ರೋಟೀನಿನ ತೂಬುಗಳ ಮೂಲಕ.

ಈ ತೂಬುಗಳು ತೆರೆದುಕೊಳ್ಳುವುದನ್ನು ಕಂಡದ್ದು ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್. 1976ರಲ್ಲಿ ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಕೂದಲಿಗಿಂತ ಎಷ್ಟೋ ಸಣ್ಣ ಬಾಯಿಯ ಗಾಜಿನ ಕೊಳವೆಯನ್ನು ಸ್ನಾಯುಕೋಶದ ಮೇಲೆ ಒತ್ತಿ ಹಿಡಿದು, ಒಂದೇ ಒಂದು ತೂಬಿನಲ್ಲಿ ಹರಿದ ವಿದ್ಯುತ್ತನ್ನು ಅಳೆದರು. ಗೆರೆ ಮೇಲೇಳುತ್ತದೆ, ಬೀಳುತ್ತದೆ. ತೂಬು ತೆರೆಯಿತು, ಮುಚ್ಚಿತು. ನಾನು ಶರೀರಕ್ರಿಯಾಶಾಸ್ತ್ರ ಪಾಠ ಮಾಡುವಾಗ ಆ ಗೆರೆಯನ್ನು ಕರಿಹಲಗೆಯ ಮೇಲೆ ಬರೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಜೀವ ಎಂಬುದರ ಒಂದು ಅಣು ಕದಲಿದ ಗುರುತು ಅದು. 1991ರಲ್ಲಿ ಅವರಿಗೆ ನೊಬೆಲ್ ಬಂತು. 1998ರಲ್ಲಿ ರೋಡರಿಕ್ ಮೆಕಿನನ್ ಪೊಟ್ಯಾಸಿಯಂ ತೂಬಿನ ಆಕಾರವನ್ನೇ ತೋರಿಸಿಕೊಟ್ಟರು. ಸೋಡಿಯಂ ಅಯಾನು ಪೊಟ್ಯಾಸಿಯಂಗಿಂತ ಚಿಕ್ಕದು; ಆದರೂ ಈ ತೂಬಿನಲ್ಲಿ ದೊಡ್ಡದು ಹಾಯುತ್ತದೆ, ಚಿಕ್ಕದು ಹಾಯದು. ತೂಬಿನ ಒಳಗೋಡೆಯ ಆಮ್ಲಜನಕ ಪರಮಾಣುಗಳು ಪೊಟ್ಯಾಸಿಯಂ ಅನ್ನು ನೀರು ಅಪ್ಪಿಕೊಂಡಿದ್ದಂತೆಯೇ ಅಪ್ಪಿಕೊಳ್ಳುತ್ತವೆ. ಚಿಕ್ಕ ಸೋಡಿಯಂಗೆ ಆ ಅಪ್ಪುಗೆ ಸಡಿಲ. ಹೀಗಾಗಿ ಅದು ನೀರನ್ನು ಬಿಟ್ಟು ಒಳಬರಲು ಒಪ್ಪುವುದಿಲ್ಲ.

ಈಗ ಶ್ವಾಸಕೋಶದ ಅಪಧಮನಿಯ ಗೋಡೆಗೆ ಬರೋಣ. ಅದರಲ್ಲಿ ನಯಸ್ನಾಯುವಿನ ಕೋಶಗಳು ಉಂಗುರದಂತೆ ಸುತ್ತಿಕೊಂಡಿವೆ. ಪೊಟ್ಯಾಸಿಯಂ ತೂಬು ತೆರೆದಿದ್ದರೆ ಪೊಟ್ಯಾಸಿಯಂ ಹೊರಗೆ ಸೋರುತ್ತಿರುತ್ತದೆ, ಕೋಶದ ಒಳಗು ಋಣ ವಿದ್ಯುತ್ತಿನಲ್ಲಿ, 50–60 ಮಿಲಿವೋಲ್ಟ್ ಕೆಳಗೆ ನಿಲ್ಲುತ್ತದೆ, ಸ್ನಾಯು ಸಡಿಲವಾಗಿರುತ್ತದೆ. ಪೊಟ್ಯಾಸಿಯಂ ತೂಬು ಮುಚ್ಚಿದರೆ ಆ ಋಣ ವಿದ್ಯುತ್ತು ಕುಗ್ಗುತ್ತದೆ. ಅದು ಕುಗ್ಗುವುದನ್ನೇ ಕಾದಿದ್ದ ಕ್ಯಾಲ್ಸಿಯಂ ತೂಬು ತೆರೆಯುತ್ತದೆ. ಹತ್ತು ಸಾವಿರ ಪಟ್ಟು ಒತ್ತಿ ನಿಂತಿದ್ದ ಕ್ಯಾಲ್ಸಿಯಂ ನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ, ರಕ್ತನಾಳ ಕಿರಿದಾಗುತ್ತದೆ. ಒಂದು ತೂಬಿನ ಬಾಗಿಲು ಹಾಕಿದ್ದಕ್ಕೆ ಇನ್ನೊಂದರ ಬಾಗಿಲು ತೆರೆಯಿತು. ಉಪನ್ಯಾಸದಲ್ಲಿ ಬೇರೇನು ಮರೆತರೂ ಈ ಜೋಡಿಯನ್ನು ನೆನಪಿಡಿ ಎಂದು ವಿದ್ಯಾರ್ಥಿಗಳನ್ನು ಕೋರುತ್ತೇನೆ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಇದನ್ನು ದೇಹ ಏಕೆ ಹೀಗೆ ಇಟ್ಟುಕೊಂಡಿದೆ? 1946ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಮತ್ತು ಯೋರನ್ ಲಿಲ್ಯೆಸ್ಟ್ರಾಂಡ್ ಬೆಕ್ಕಿನ ಮೇಲೆ ಪ್ರಯೋಗ ಮಾಡಿ, ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ಒತ್ತಡ ಏರುತ್ತದೆ ಎಂದು ತೋರಿಸಿದರು. ದೇಹದ ಉಳಿದ ಅಪಧಮನಿಗಳು ಆಮ್ಲಜನಕ ಕಡಿಮೆಯಾದರೆ ಹಿಗ್ಗುತ್ತವೆ; ಶ್ವಾಸಕೋಶದವು ಮಾತ್ರ ಕುಗ್ಗುತ್ತವೆ. ಇದರಲ್ಲಿ ಒಂದು ವಿವೇಕವಿದೆ. ಬಿತ್ತದ ಹೊಲಕ್ಕೆ ನೀರು ಬಿಟ್ಟರೆ ಬಿತ್ತಿದ ಹೊಲಕ್ಕೆ ಕಡಿಮೆಯಾಗುತ್ತದೆ ಎಂದು ನಮ್ಮ ಕಾಲುವೆಯ ಗ್ಯಾಂಗ್‌ಮನ್ ಆ ಕಡೆಯ ತೂಬು ಇಳಿಸುತ್ತಾನಲ್ಲ, ಹಾಗೆಯೇ. ಕಫ ಕಟ್ಟಿ ಗಾಳಿ ಹೋಗದ ಮೂಲೆಗೆ ರಕ್ತ ಕಳಿಸಿ ಪ್ರಯೋಜನವಿಲ್ಲ. ಗಾಳಿಯಿರುವ ಕಡೆಗೆ ತಿರುಗಿಸಬೇಕು. ಕೋಶದೊಳಗಿನ ಮೈಟೊಕಾಂಡ್ರಿಯ ಆಮ್ಲಜನಕ ಇಳಿದದ್ದನ್ನು ಗುರುತಿಸುತ್ತದೆ, ಪೊಟ್ಯಾಸಿಯಂ ತೂಬು ಮುಚ್ಚುತ್ತದೆ. 1992ರಲ್ಲಿ ಪೋಸ್ಟ್, ಹ್ಯೂಮ್, ಆರ್ಚರ್, ವೀರ್ ಎಂಬ ನಾಲ್ವರು ಅಮೆರಿಕದಲ್ಲಿ ನೇಹರ್-ಸಾಕ್‌ಮನ್‌ರ ಅದೇ ಗಾಜಿನ ಕೊಳವೆಯ ವಿಧಾನದಿಂದ ಇದನ್ನು ಅಳೆದು ತೋರಿಸಿದರು.

ನಾವೆಲ್ಲರೂ ಹುಟ್ಟಿದ ಗಳಿಗೆಯಲ್ಲಿ ಈ ತೂಬುಗಳೇ ನಮ್ಮನ್ನು ಉಳಿಸಿವೆ. ತಾಯಿಯ ಗರ್ಭದಲ್ಲಿ ಶಿಶುವಿನ ಶ್ವಾಸಕೋಶಕ್ಕೆ ಗಾಳಿಯಿಲ್ಲ. ಅಲ್ಲಿನ ರಕ್ತನಾಳಗಳು ಬಿಗಿದುಕೊಂಡಿರುತ್ತವೆ. ರಕ್ತ ಅತ್ತ ಹೋಗದೆ ಒಂದು ಅಡ್ಡನಾಳದ ಮೂಲಕ ದೇಹಕ್ಕೆ ಸಾಗುತ್ತದೆ. ಮಗು ಮೊದಲ ಬಾರಿ ಅತ್ತಾಗ ಆಮ್ಲಜನಕ ಒಳಹೊಕ್ಕು ಶ್ವಾಸಕೋಶದ ಪೊಟ್ಯಾಸಿಯಂ ತೂಬುಗಳು ತೆರೆಯುತ್ತವೆ, ನಾಳಗಳು ಹಿಗ್ಗುತ್ತವೆ. ಅದೇ ಆಮ್ಲಜನಕ ಆ ಅಡ್ಡನಾಳದಲ್ಲಿ ಪೊಟ್ಯಾಸಿಯಂ ತೂಬುಗಳನ್ನು ಮುಚ್ಚಿ ಅದನ್ನು ಬಿಗಿಸುತ್ತದೆ. ಒಂದೇ ಉಸಿರು ಒಂದು ಕಡೆ ತೆರೆಯಿತು, ಇನ್ನೊಂದು ಕಡೆ ಮುಚ್ಚಿತು. ಹೆರಿಗೆ ಮನೆಯಲ್ಲಿ 'ಕೂಸು ಅತ್ತಿತಾ?' ಎಂದು ಮೊದಲು ಕೇಳುವ ನಮ್ಮ ಅಜ್ಜಿಯರು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದ್ದರು.

ಆದರೆ ಇಡೀ ಶ್ವಾಸಕೋಶಕ್ಕೇ ಆಮ್ಲಜನಕ ಕಡಿಮೆಯಾದರೆ? ಆಗ ಎಲ್ಲ ತೂಬುಗಳೂ ಒಮ್ಮೆಲೇ ಇಳಿಯುತ್ತವೆ. ರಕ್ತ ತಿರುಗಿಸಲು ಬೇರೆ ಹೊಲವೇ ಉಳಿಯುವುದಿಲ್ಲ. ಅಮೆರಿಕದ ಕೊಲರಾಡೊ ಬೆಟ್ಟಗಳಲ್ಲಿ ಆಮ್ಲಜನಕ ಕಡಿಮೆಯಿರುವ ಎತ್ತರದ ಹುಲ್ಲುಗಾವಲಿಗೆ ಒಯ್ದ ದನಗಳ ಗಂಗೆದೊಗಲು ಬಾತು ಅವು ಸಾಯುವುದನ್ನು ಪಶುವೈದ್ಯರು 20ನೇ ಶತಮಾನದ ಆರಂಭದಲ್ಲೇ ದಾಖಲಿಸಿದ್ದರು. ಬಲಹೃದಯ ಸೋತು ನೀರು ಅಲ್ಲಿ ತುಂಬುತ್ತಿತ್ತು. ಹಿಮಾಲಯದ ಯಾಕ್‌ಗೆ ಹೀಗಾಗುವುದಿಲ್ಲ. ಅದರ ಶ್ವಾಸಕೋಶ ತೂಬು ಇಳಿಸುವ ಚಾಳಿಯನ್ನೇ ಬಹುಪಾಲು ಬಿಟ್ಟಿದೆ. ನಮ್ಮ ಸೈನಿಕರಿಗೆ ಆ ಸೌಕರ್ಯವಿಲ್ಲ. 1962ರ ಯುದ್ಧದ ಕಾಲದಲ್ಲಿ ಬಯಲುಸೀಮೆಯ ಹುಡುಗರನ್ನು ಲಡಾಖಿನ ಎತ್ತರಕ್ಕೆ ಏಕಾಏಕಿ ಸಾಗಿಸಬೇಕಾಯಿತು. ಅನೇಕರ ಶ್ವಾಸಕೋಶದಲ್ಲಿ ನೀರು ತುಂಬಿತು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1965ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ವರದಿ ಈ ವಿಷಯದಲ್ಲಿ ಜಗತ್ತು ಓದಿದ ಮೊದಲ ದೊಡ್ಡ ಬರಹಗಳಲ್ಲೊಂದು. ಅಂಥವರಿಗೆ ಕ್ಯಾಲ್ಸಿಯಂ ತೂಬು ಮುಚ್ಚುವ ನಿಫೆಡಿಪಿನ್ ಮಾತ್ರೆ ಕೊಟ್ಟರೆ ಕಾಯಿಲೆ ತಡೆಯಬಹುದು ಎಂಬುದು ಪರ್ವತಾರೋಹಿಗಳಲ್ಲಿ ಮುಂದೆ ಸಾಬೀತಾಯಿತು.

ಮೂರನೆಯ ಭಾಗಕ್ಕೆ ಬಂದೆ. ತೂಬು ಕೆಟ್ಟರೆ ಏನಾಗುತ್ತದೆ? 2024ರ ಆಗಸ್ಟ್ 10ರ ರಾತ್ರಿ ನಮಗೆಲ್ಲ ನೆನಪಿದೆ. ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒಂದು ವಾರ ಇಡೀ ಎಡದಂಡೆಯ ರೈತ ನಿದ್ದೆ ಮಾಡಲಿಲ್ಲ. ಅಣೆಕಟ್ಟು ಗಟ್ಟಿಯಾಗಿತ್ತು, ನದಿ ತುಂಬಿತ್ತು; ಕೆಟ್ಟದ್ದು ಒಂದು ಗೇಟು. ಕೋಶದಲ್ಲೂ ಹೀಗೇ. ವ್ಯತ್ಯಾಸವೆಂದರೆ ಇಲ್ಲಿನ ಪೊಟ್ಯಾಸಿಯಂ ತೂಬು ಕೊಚ್ಚಿಹೋಗುವುದಿಲ್ಲ, ತುಕ್ಕು ಹಿಡಿದಂತೆ ಮುಚ್ಚಿಕೊಳ್ಳುತ್ತದೆ.

ಆಮ್ಲಜನಕದ ಕೊರತೆ ಗಂಟೆಗಳ ಬದಲು ತಿಂಗಳುಗಟ್ಟಲೆ ಮುಂದುವರಿದರೆ ಕೋಶ ಪೊಟ್ಯಾಸಿಯಂ ತೂಬುಗಳನ್ನು ತಯಾರಿಸುವುದನ್ನೇ ಕಡಿಮೆ ಮಾಡುತ್ತದೆ. ಕಾರಣ ತಿಳಿಯದೆ ಬರುವ ಶ್ವಾಸಕೋಶದ ರಕ್ತದೊತ್ತಡದ ರೋಗಿಗಳಲ್ಲೂ ಹೀಗೇ ಆಗಿರುವುದನ್ನು 1998ರಲ್ಲಿ ಜೇಸನ್ ಯುವಾನ್ ಮತ್ತು ಸಂಗಡಿಗರು ತೋರಿಸಿದರು. ಇದರ ಪರಿಣಾಮ ಬರೀ ಬಿಗಿತವಲ್ಲ. ಕೋಶವೊಂದು ಮುದಿಯಾಗಿ ಸಾಯಬೇಕಾದಾಗ ಪೊಟ್ಯಾಸಿಯಂ ಅನ್ನು ಹೊರಹಾಕಿ ಮುದುಡಿಕೊಳ್ಳುತ್ತದೆ. ತೂಬು ಮುಚ್ಚಿದರೆ ಮುದುಡುವುದೂ ಇಲ್ಲ, ಸಾಯುವುದೂ ಇಲ್ಲ. ಇನ್ನೊಂದೆಡೆ ಒಳನುಗ್ಗಿದ ಕ್ಯಾಲ್ಸಿಯಂ 'ಬೆಳೆ, ಇಬ್ಭಾಗವಾಗು' ಎಂದು ಕೋಶವನ್ನು ಎಬ್ಬಿಸುತ್ತದೆ. ಸಾಯದ, ಹೆಚ್ಚುತ್ತಲೇ ಹೋಗುವ ಕೋಶಗಳು ರಕ್ತನಾಳದ ಗೋಡೆಯನ್ನು ಒಳಮುಖವಾಗಿ ದಪ್ಪ ಮಾಡುತ್ತವೆ. ಹೂಳು ತುಂಬಿದ ಕಾಲುವೆಯನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಬಿಗಿತವನ್ನು ಔಷಧಿಯಿಂದ ಸಡಿಲಿಸಬಹುದು. ಹೂಳನ್ನು ಕರಗಿಸುವುದು ಕಷ್ಟ. ರೋಗವನ್ನು ತಡವಾಗಿ ಗುರುತಿಸಿದರೆ ಕಳೆದುಕೊಳ್ಳುವುದು ಹೂಳು ತುಂಬುವ ಮುಂಚಿನ ಆ ಅವಕಾಶವನ್ನೇ.

ತೂಬನ್ನು ಮುಚ್ಚುವ ಕೆಲಸವನ್ನು ಮನುಷ್ಯನೇ ಮಾಡಿದ್ದೂ ಉಂಟು. 1965ರಲ್ಲಿ ಸ್ವಿಟ್ಜರ್ಲೆಂಡ್, ಆಸ್ಟ್ರಿಯ, ಪಶ್ಚಿಮ ಜರ್ಮನಿಗಳಲ್ಲಿ ಅಮಿನೊರೆಕ್ಸ್ ಎಂಬ ಹಸಿವು ಕುಂದಿಸುವ ಮಾತ್ರೆ ಮಾರುಕಟ್ಟೆಗೆ ಬಂತು. ತೂಕ ಇಳಿಸಲೆಂದು ಹೆಂಗಸರು ನುಂಗಿದರು. ಒಂದೆರಡು ವರ್ಷದಲ್ಲಿ ಅಪರೂಪದ ಈ ರೋಗ ಅಲ್ಲಿನ ಆಸ್ಪತ್ರೆಗಳಲ್ಲಿ ಸಾಲುಸಾಲಾಗಿ ಕಾಣಿಸಿತು. 1968ರಲ್ಲಿ ಮಾತ್ರೆ ಹಿಂತೆಗೆದರು. ಅದರ ನಂತರವೂ ಅದೇ ಜಾತಿಯ ಫೆನ್‌ಫ್ಲುರಮಿನ್ ಮಾರಾಟವಾಗುತ್ತಿತ್ತು, 1997ರಲ್ಲಿ ಅದನ್ನೂ ಹಿಂತೆಗೆದರು. ಈ ಮಾತ್ರೆಗಳು ಶ್ವಾಸಕೋಶದ ಪೊಟ್ಯಾಸಿಯಂ ತೂಬುಗಳನ್ನು ಮುಚ್ಚುತ್ತವೆ ಎಂದು 1996ರಲ್ಲಿ ವೀರ್ ಬಳಗ ಪ್ರಯೋಗಾಲಯದಲ್ಲಿ ತೋರಿಸಿತು. ಸೆರೊಟೋನಿನ್ ಎಂಬ ರಸದ ಪಾಲೂ ಇದರಲ್ಲಿದೆ, ಎಲ್ಲವನ್ನೂ ತೂಬಿನ ತಲೆಗೆ ಕಟ್ಟಬಾರದು. ಆದರೂ ತೂಕ ಇಳಿಸುವ ಪುಡಿ, ಮಾತ್ರೆಗಳನ್ನು ಮೊಬೈಲ್ ನೋಡಿ ತರಿಸಿಕೊಳ್ಳುವ ಈ ಕಾಲದ ಹುಡುಗಿಯರು ಅಮಿನೊರೆಕ್ಸ್ ಎಂಬ ಹೆಸರನ್ನು ತಿಳಿದಿರಬೇಕು.

ತೂಬು ಹುಟ್ಟಿನಿಂದಲೇ ಕೆಟ್ಟಿರುವ ಮನೆತನಗಳೂ ಇವೆ. ವಂಶದಲ್ಲಿ ಸಾಗುವ ಈ ರೋಗಕ್ಕೆ ಬಿಎಂಪಿಆರ್2 ಎಂಬ ವಂಶವಾಹಿಯ ದೋಷ ಮುಖ್ಯ ಕಾರಣವೆಂದು 2000ದಲ್ಲಿ ಗೊತ್ತಾಯಿತು. ಆದರೆ ಒಂದು ಕುಟುಂಬದಲ್ಲಿ ಹಲವರಿಗೆ ರೋಗವಿದ್ದೂ ಆ ದೋಷವಿರಲಿಲ್ಲ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ವೆಂಡಿ ಚುಂಗ್ ಮತ್ತು ಸಂಗಡಿಗರು ಅವರ ವಂಶವಾಹಿಗಳನ್ನೆಲ್ಲ ಓದಿ, ಕೆಸಿಎನ್‌ಕೆ3 ಎಂಬ ಪೊಟ್ಯಾಸಿಯಂ ತೂಬಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದನ್ನು ಕಂಡರು. ಒಟ್ಟಾರೆಯಾಗಿ ಮನೆತನದ ಹಿನ್ನೆಲೆಯುಳ್ಳ 93 ರೋಗಿಗಳಲ್ಲಿ 3 ಮಂದಿ, ಕಾರಣ ತಿಳಿಯದ 230 ರೋಗಿಗಳಲ್ಲಿ 3 ಮಂದಿ ಇದೇ ತೂಬು ಕೆಟ್ಟವರಾಗಿದ್ದರು. 2013ರಲ್ಲಿ ಈ ವರದಿ ಬಂತು. ಸಂಖ್ಯೆ ಚಿಕ್ಕದು, ನಿಜ. ನನ್ನ ದೃಷ್ಟಿಯಲ್ಲಿ ಅದರ ತೂಕ ಬಹಳ ದೊಡ್ಡದು. ಅಲ್ಲಿಯವರೆಗೆ ತೂಬು ಮುಚ್ಚುವುದು ರೋಗದ ಕಾರಣವೋ, ರೋಗದ ಪರಿಣಾಮವೋ ಎಂಬ ಚರ್ಚೆ ನಡೆದಿತ್ತು. ಬೇರೆ ಯಾವ ತೊಂದರೆಯೂ ಇಲ್ಲದವರಲ್ಲಿ ತೂಬೊಂದೇ ಕೆಟ್ಟು ರೋಗ ಬಂದದ್ದು ಆ ಚರ್ಚೆಗೆ ಉತ್ತರ ಕೊಟ್ಟಿತು. ಕೆಟ್ಟ ತೂಬುಗಳಲ್ಲಿ ಕೆಲವನ್ನು ಒಂದು ರಾಸಾಯನಿಕ ಹಾಕಿ ಪ್ರಯೋಗಾಲಯದಲ್ಲಿ ಮತ್ತೆ ತೆರೆಸಲೂ ಚುಂಗ್ ಬಳಗಕ್ಕೆ ಸಾಧ್ಯವಾಯಿತು. ಅದು ಇನ್ನೂ ರೋಗಿಯ ಕೈಗೆ ಬರುವ ಮದ್ದಾಗಿಲ್ಲ.

ಹಾಗಾದರೆ ಮದ್ದೇನಿದೆ? ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಔಷಧಿಯ ಮಾತು ಸಭೆಯಲ್ಲಿ ಹೇಳುವುದಕ್ಕಿಂತ ವೈದ್ಯರ ಕೋಣೆಯಲ್ಲಿ ಆಗಬೇಕಾದ್ದು. ನಿಮ್ಮಲ್ಲಿ ಅನೇಕರು ಬೆಳಿಗ್ಗೆ ನುಂಗುವ ಬಿ.ಪಿ. ಗುಳಗಿ ಆಮ್ಲೊಡಿಪಿನ್ ಕ್ಯಾಲ್ಸಿಯಂ ತೂಬನ್ನು ಮುಚ್ಚುವ ಮದ್ದು. ಅದೇ ಜಾತಿಯ ಮದ್ದನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಶ್ವಾಸಕೋಶದ ಒತ್ತಡ ಇಳಿಯುವ ಅದೃಷ್ಟವಂತರು ಇದ್ದಾರೆ. ಆದರೆ ಅವರು ಕಡಿಮೆ. ಫ್ರಾನ್ಸಿನ ಒಲಿವಿಯೆ ಸಿಟ್‌ಬಾನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದಂತೆ, 557 ರೋಗಿಗಳಲ್ಲಿ ಇಂಥ ಮದ್ದಿನಿಂದ ಬಹುಕಾಲ ಚೆನ್ನಾಗಿದ್ದವರು 38 ಮಂದಿ. ಯಾರು ಆ 38ರ ಗುಂಪಿನವರಾಗಬಹುದೆಂದು ಕೊಳವೆ ಪರೀಕ್ಷೆಯಲ್ಲೇ ನೋಡಬೇಕು. ಉಳಿದವರಿಗೆ ಈ ಮದ್ದು ಅಪಾಯ ತರಬಲ್ಲದು. ಆದ್ದರಿಂದ ಪಕ್ಕದ ಮನೆಯವರ ಗುಳಗಿ ನುಂಗಬೇಡಿ. 2005ರಿಂದ ಈ ರೋಗಕ್ಕೆ ಬಳಕೆಯಲ್ಲಿರುವ ಸಿಲ್ಡೆನಾಫಿಲ್ ಬೇರೆ ದಾರಿಯಿಂದ ಬಂದು ಕೊನೆಗೆ ಪೊಟ್ಯಾಸಿಯಂ ತೂಬುಗಳನ್ನೇ ತೆರೆಸಿ ಸ್ನಾಯುವನ್ನು ಸಡಿಲಿಸುತ್ತದೆ. ಭಾರತದ ಕಂಪನಿಗಳು ಅದನ್ನು ತಯಾರಿಸುವುದರಿಂದ ನಮ್ಮಂಥವರ ಕೈಗೂ ಎಟುಕುತ್ತದೆ. ಬೊಸೆಂಟನ್, ಪ್ರೊಸ್ಟಾಸೈಕ್ಲಿನ್ ಜಾತಿಯ ಮದ್ದುಗಳೂ ಇವೆ. ಹೂಳಿನ ಮೇಲೇ ಕೆಲಸ ಮಾಡುವ ಸೊಟಾಟರ್ಸೆಪ್ಟ್‌ಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಬೆಲೆ ಸದ್ಯಕ್ಕೆ ನಮ್ಮ ಯಾವ ರೈತನೂ ತೆರಲಾರದ್ದು.

ಕೊನೆಯ ಭಾಗ ನಮ್ಮದು. ನಾನು ಇಷ್ಟು ಹೊತ್ತು ವಿವರಿಸಿದ ಅಪರೂಪದ, ವಂಶದ ರೋಗ ನಮ್ಮ ತಾಲ್ಲೂಕಿನಲ್ಲಿ ಬೆರಳೆಣಿಕೆಯಷ್ಟು ಮಂದಿಗೆ ಇದ್ದೀತು. ಶ್ವಾಸಕೋಶದ ರಕ್ತದೊತ್ತಡ ನಮ್ಮಲ್ಲಿ ಬರುವುದು ಹೆಚ್ಚಾಗಿ ಬೇರೆ ಬಾಗಿಲುಗಳಿಂದ. ನೆರೆಯ ಕೇರಳದಲ್ಲಿ 2,000ಕ್ಕೂ ಹೆಚ್ಚು ರೋಗಿಗಳನ್ನು ದಾಖಲಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೂಲ ಕಾರಣ ಎಡಹೃದಯದ ಕಾಯಿಲೆಯಾಗಿತ್ತು.

ಒಂದು ಬಾಗಿಲು ಹೊಗೆ. ದೆಹಲಿಯಲ್ಲಿ ಡಾ. ಎಸ್. ಪದ್ಮಾವತಿ, ನಮ್ಮ ದೇಶದ ಮೊದಲ ಮಹಿಳಾ ಹೃದ್ರೋಗ ತಜ್ಞೆ, ಶ್ವಾಸಕೋಶದ ಕಾಯಿಲೆಯಿಂದ ಬಲಹೃದಯ ಸೋತ 127 ರೋಗಿಗಳ ಬಗ್ಗೆ 1959ರಲ್ಲಿ ಬರೆದರು. ಧೂಮಪಾನ ಮಾಡದ ಹೆಂಗಸರು ಗಂಡಸರಷ್ಟೇ ಈ ರೋಗಕ್ಕೆ ತುತ್ತಾಗುವುದನ್ನು ಕಂಡು, ಅಡುಗೆಮನೆಯ ಹೊಗೆಯ ಕಡೆ ಕೈ ತೋರಿಸಿದವರು ಅವರು. ಹೊಗೆಯಿಂದ ಗಾಳಿಚೀಲ ಹಾಳಾಗುತ್ತದೆ, ಆಮ್ಲಜನಕ ಇಳಿಯುತ್ತದೆ, ತೂಬುಗಳು ಇಳಿಯುತ್ತವೆ, ವರ್ಷಗಟ್ಟಲೆ ಇಳಿದೇ ಇರುತ್ತವೆ. ಲಡಾಖಿಗೆ ಹೋದ ಸೈನಿಕನಿಗೆ ಬೆಟ್ಟ ಮಾಡಿದ್ದನ್ನೇ ನನ್ನ ದೊಡ್ಡವ್ವನಿಗೆ ಸಿರವಾರದ ಬಯಲಿನಲ್ಲಿ ಒಲೆ ಮಾಡಿತು. ಅವಳು ಎತ್ತರಕ್ಕೆ ಹೋಗಲಿಲ್ಲ. ಎತ್ತರದ ಗಾಳಿಯೇ ಅವಳ ಎದೆಯೊಳಗೆ ಬಂತು. 2016ರ ಉಜ್ವಲ ಯೋಜನೆಯಿಂದ ಸಿಲಿಂಡರು ಮನೆಮನೆಗೆ ಬಂದಿದೆ, ಅದು ದೊಡ್ಡ ಮಾತು. ಆದರೆ ಹತ್ತಿ ಬಿಡಿಸಿದ ಮೇಲೆ ಕಟ್ಟಿಗೆ ಪುಕ್ಕಟೆ ಸಿಗುವಾಗ ಸಿಲಿಂಡರು ಚಹಾಕ್ಕೆ, ಒಲೆ ರೊಟ್ಟಿಗೆ ಎಂಬ ಲೆಕ್ಕ ಇನ್ನೂ ಹಲವು ಮನೆಗಳಲ್ಲಿ ನಡೆದಿದೆ. ಗಣಿಯ ಕಲ್ಲುದೂಳಿನ ಕಥೆಯೂ ಇದರ ಜೊತೆಗೆ ಸೇರಿದ್ದು. ದೂಳು ಕುಡಿದು ಶ್ವಾಸಕೋಶ ಕಲ್ಲಾಗುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು 1934ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಯಿಂದ. ಹಟ್ಟಿ ಗಣಿಯಿರುವ ಜಿಲ್ಲೆಯ ವೈದ್ಯರು ಅದನ್ನು ಮರೆಯುವಂತಿಲ್ಲ.

ಇನ್ನೊಂದು ಬಾಗಿಲು ಹೃದಯದ ಕವಾಟ. ಚಿಕ್ಕಂದಿನಲ್ಲಿ ಗಂಟಲುನೋವು, ಆಮೇಲೆ ಕೀಲುಬಾವು, ಜ್ವರ. ವರ್ಷಗಳ ಮೇಲೆ ಎಡಭಾಗದ ಮೈಟ್ರಲ್ ಕವಾಟ ಅಂಟಿಕೊಂಡು ಕಿರಿದಾಗುತ್ತದೆ. ಮುಂದೆ ದಾರಿಯಿಲ್ಲದ ರಕ್ತ ಕಾಲುವೆಯ ನೀರು ಹಿಮ್ಮೊಗವಾಗಿ ನಿಂತ ಹಾಗೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಇದು ಬಹುಪಾಲು ಬಡವರ ಮಕ್ಕಳ ರೋಗ, ಗರ್ಭಿಣಿಯಾದಾಗ ಮೊದಲ ಬಾರಿ ಬಯಲಾಗುವ ರೋಗ. 21 ದಿನಕ್ಕೊಮ್ಮೆ ಪೆನ್ಸಿಲಿನ್ ಸೂಜಿ ತಪ್ಪದೆ ಹಾಕಿಸಿದರೆ ಕವಾಟ ಮತ್ತಷ್ಟು ಕೆಡುವುದನ್ನು ತಡೆಯಬಹುದು. ಕಿರಿದಾಗಿದ್ದರೆ ಅನೇಕರಿಗೆ ಎದೆ ಕೊಯ್ಯದೆ ಬಲೂನಿನಿಂದ ಹಿಗ್ಗಿಸಬಹುದು. ಅದಕ್ಕೆ ಈಗ ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯಿದೆ. ಮೂರನೆಯದು ಹುಟ್ಟಿನಿಂದ ಹೃದಯದಲ್ಲಿರುವ ರಂಧ್ರ. ಅದನ್ನು ಕಾಲಕ್ಕೆ ಮುಚ್ಚದಿದ್ದರೆ ಶ್ವಾಸಕೋಶದ ನಾಳಗಳು ಹಿಂತಿರುಗದಷ್ಟು ದಪ್ಪವಾಗುತ್ತವೆ, ಆಮೇಲೆ ಶಸ್ತ್ರಚಿಕಿತ್ಸೆಯೂ ಆಗುವುದಿಲ್ಲ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬಂದಾಗ ನಿಮ್ಮ ಕೂಸನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ತಂಡ ಚೀಟಿ ಬರೆದುಕೊಟ್ಟರೆ 'ಸುಗ್ಗಿ ಮುಗಿಯಲಿ' ಎಂದು ಮುಂದೆ ಹಾಕಬೇಡಿ.

ಸಭೆಯಲ್ಲಿರುವ ಆಶಾ ಕಾರ್ಯಕರ್ತೆಯರಿಗೂ ಕಿರಿಯ ವೈದ್ಯರಿಗೂ ನನ್ನದೊಂದು ಬೇಡಿಕೆ. ದಮ್ಮಿನ ಔಷಧಿ ತೆಗೆದುಕೊಂಡರೂ ದಮ್ಮು ಏರುತ್ತಲೇ ಇದ್ದರೆ, ಕಾಲು ಬಾತಿದ್ದರೆ, ನಡೆಯುವಾಗ ಕಣ್ಣು ಕತ್ತಲೆಗೂಡಿ ಬಿದ್ದಿದ್ದರೆ, ಕೊರಳ ನರ ಉಬ್ಬಿದ್ದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ. ರಾಯಚೂರಿಗೆ ಕಳಿಸಿ ಒಂದು ಎಕೋ ಮಾಡಿಸಿ. ಅದಕ್ಕೆ ಸೂಜಿ ಚುಚ್ಚುವುದಿಲ್ಲ, ನೋವಿಲ್ಲ, ಅರ್ಧ ತಾಸು ಸಾಕು. ನನ್ನ ದೊಡ್ಡವ್ವನಿಗೆ ಅದನ್ನು ಯಾರೂ ಮಾಡಿಸಲಿಲ್ಲ.